ಬಿಸಿಲಿಗೆ ಹೆದರುವುದೋ, ಕಪ್ಪಿಗೆ ಹೆದರುವುದೋ?



ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಮನೆಮನೆಯಲ್ಲೂ ಒಂದೇ ಮಾತು: "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ." ಈ ಮಾತನ್ನು ನಮ್ಮ ತಾಯಂದಿರು ನಮಗೆ ಹೇಳಿದರು. ನಾವು ನಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೇವೆ. ಅದೇ ಬಿಸಿಲಿಗೆ ಹೊರಟ ಗಂಡುಮಗನಿಗೆ ಮಾತ್ರ ಯಾರೂ ಹೀಗೆ ಹೇಳುವುದಿಲ್ಲ. ಹೆಚ್ಚೆಂದರೆ "ಊಟದ ಹೊತ್ತಿಗೆ ಬಾರೋ" ಎನ್ನುತ್ತೇವೆ, ಅಷ್ಟೇ.

"ಬಿಸಿಲಿಗೆ ಹೋದ್ರೆ ತಲೆ ಸುತ್ತಿ ಬೀಳ್ತೀಯ", "ಕಣ್ಣು ಹಾಳಾಗುತ್ತೆ" ಎಂದು ಹೇಳುವವರು ಎಷ್ಟು ಮಂದಿ ಇದ್ದಾರೆ? ಬಿಸಿಲಿನಿಂದ ಆಗುವ ತೊಂದರೆಗಳು ಹಲವು. ಅವುಗಳಲ್ಲಿ ಕೆಲವು ಪ್ರಾಣಕ್ಕೇ ಕುತ್ತು ತರುವಂಥವು. ಮೈ ಕಪ್ಪಾಗುವುದು ಅವುಗಳ ಪೈಕಿ ತೀರಾ ಚಿಕ್ಕ ವಿಷಯ. ಆದರೂ ನಮ್ಮ ಭಯವೆಲ್ಲ ಆ ಚಿಕ್ಕ ವಿಷಯದ ಮೇಲೆಯೇ. ಹೀಗೇಕೆ? ನಾವು ಬಿಸಿಲಿನಿಂದ ತಪ್ಪಿಸಿಕೊಳ್ಳುವ ರೀತಿಯಲ್ಲಿ ಇದರಿಂದ ಏನೇನು ಎಡವಟ್ಟಾಗುತ್ತಿದೆ? ಈ ಸಲ ಅದನ್ನು ನೋಡೋಣ.

ಬಾಯಿಯ ಮಾತು, ಒಳಮನಸ್ಸಿನ ಮಾತು

ಯಾವ ಸಂಘದಲ್ಲಿ ಬೇಕಾದರೂ ಕೇಳಿ ನೋಡಿ, "ಬಣ್ಣ ಮುಖ್ಯವೋ, ಗುಣ ಮುಖ್ಯವೋ?" ಎಂದು. ಸದಸ್ಯೆಯರೆಲ್ಲರೂ ಒಂದೇ ಸ್ವರದಲ್ಲಿ "ಗುಣ" ಎನ್ನುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ, ಮನಸಾರೆ ಹೇಳುತ್ತಾರೆ. ಸಭೆ ಮುಗಿದು ಚಹಾ ಕುಡಿಯುವಾಗ ಮಾತು ಯಾರದೋ ಮನೆಗೆ ಬಂದ ಹೊಸ ಸೊಸೆಯ ಕಡೆಗೆ ಹೊರಳುತ್ತದೆ. "ಹುಡುಗಿ ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದ್ದಾಳೆ." ಆ "ಆದ್ರೂ" ಎಂಬ ಪದವನ್ನು ಗಮನಿಸಿ. "ಬೆಳ್ಳಗಿದ್ದಾಳೆ, ಆದ್ರೂ ಲಕ್ಷಣವಾಗಿದ್ದಾಳೆ" ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಕಪ್ಪು ಮತ್ತು ಚಂದ ಒಟ್ಟಿಗೆ ಇರುವುದಿಲ್ಲ ಎಂಬ ಒಂದು ಲೆಕ್ಕ ನಮ್ಮೊಳಗೆ ಮೊದಲೇ ಕುಳಿತುಬಿಟ್ಟಿದೆ. ಬಾಯಿ ಗುಣ ಎನ್ನುತ್ತದೆ, ಒಳಗಿನ ಲೆಕ್ಕ ಬೇರೆ ಹೇಳುತ್ತದೆ.

ಮನಃಶಾಸ್ತ್ರ ಓದಿದವರು ಇದನ್ನು ಅರಿವಿಗೆ ಬಾರದ ಧೋರಣೆ ಎನ್ನುತ್ತಾರೆ. ನಾವು ಬೇಕೆಂದು ಕಲಿತದ್ದಲ್ಲ, ಹುಟ್ಟಿದಂದಿನಿಂದ ಕೇಳಿ ಕೇಳಿ, ನೋಡಿ ನೋಡಿ ಒಳಗೆ ಇಳಿದದ್ದು. ಇದನ್ನು ಅಳೆಯಲು 1998ರಲ್ಲಿ ಅಮೆರಿಕದ ಆಂಟನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಆ ಪರೀಕ್ಷೆಯನ್ನು ಬೆಳೆಸಿದವರಲ್ಲಿ ಮಹಜರೀನ್ ಬಾನಾಜಿ ಎಂಬ ಮಹಿಳೆಯೂ ಒಬ್ಬರು. ಅವರು ಹುಟ್ಟಿ ಬೆಳೆದದ್ದು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ. ಪರೀಕ್ಷೆ ಸರಳವಾಗಿದೆ. ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಮುಖಗಳೂ ಪದಗಳೂ ಬರುತ್ತವೆ. ಬಿಳಿ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಗುಂಡಿ ಒತ್ತಬೇಕಾದಾಗ ಕೈ ಬೇಗ ಓಡುತ್ತದೆ. ಕಪ್ಪು ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಗುಂಡಿ ಎಂದಾಗ ಬಹಳ ಜನರ ಕೈ ಒಂದು ಕ್ಷಣ ತಡವರಿಸುತ್ತದೆ. "ನನಗೆ ಭೇದಭಾವವೇ ಇಲ್ಲ" ಎನ್ನುವವರ ಕೈಯೂ ತಡವರಿಸುವುದುಂಟು. ಇದೇನು ಥರ್ಮಾಮೀಟರಿನಂತೆ ಖಚಿತವಾದ ಅಳತೆ ಅಲ್ಲ. ಒಬ್ಬರೇ ಎರಡು ಸಲ ಮಾಡಿದರೆ ಎರಡು ಬಗೆಯ ಫಲಿತಾಂಶ ಬರಬಹುದು. ಆದರೆ ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಒಳಮನಸ್ಸು ಯಾವ ಕಡೆಗೆ ವಾಲುತ್ತದೆ ಎಂಬುದು ತಿಳಿಯುತ್ತದೆ.

ಕಂಪ್ಯೂಟರ್ ಬರುವುದಕ್ಕಿಂತ ಎಷ್ಟೋ ಮೊದಲು, 1940ರ ದಶಕದಲ್ಲಿ, ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ದಂಪತಿ ಅಮೆರಿಕದಲ್ಲಿ ಇನ್ನೂ ಸರಳವಾದ ಒಂದು ಕೆಲಸ ಮಾಡಿದ್ದರು. ಪುಟ್ಟ ಮಕ್ಕಳ ಮುಂದೆ ಕಪ್ಪು ಗೊಂಬೆ, ಬಿಳಿ ಗೊಂಬೆ ಇಟ್ಟು "ಒಳ್ಳೆಯ ಗೊಂಬೆ ಯಾವುದು?" ಎಂದು ಕೇಳಿದರು. ಕಪ್ಪು ಮಕ್ಕಳಲ್ಲೇ ಹೆಚ್ಚಿನವರು ಬಿಳಿ ಗೊಂಬೆಯನ್ನು ತೋರಿಸಿದರು. "ನಿನ್ನಂತೆ ಇರುವ ಗೊಂಬೆ ಯಾವುದು?" ಎಂದು ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಎಂಬ ಪದ್ಧತಿ ಕಾನೂನಿಗೆ ವಿರುದ್ಧ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು.

ನಮ್ಮಲ್ಲಿ ಗೊಂಬೆ ಇಟ್ಟು ಕೇಳುವ ಅಗತ್ಯವೇ ಇಲ್ಲ. ಬಸುರಿಯರಿಗೆ ಕೇಸರಿ ಹಾಲು ಕುಡಿಸುವುದು ಏತಕ್ಕೆ? ಮಗು ಬೆಳ್ಳಗೆ ಹುಟ್ಟಲಿ ಎಂದು. ಅದರಿಂದ ಕೈಯ ಕಾಸು ಖರ್ಚಾಗುವುದು ಬಿಟ್ಟರೆ ಬೇರೆ ನಷ್ಟವಿಲ್ಲ. ಆದರೆ "ಕಬ್ಬಿಣಾಂಶದ ಮಾತ್ರೆ ತಿಂದ್ರೆ ಮಗು ಕಪ್ಪಾಗುತ್ತೆ" ಎಂದು ಅಂಗನವಾಡಿಯಲ್ಲಿ ಕೊಟ್ಟ ಮಾತ್ರೆಯನ್ನು ಬಚ್ಚಲಿಗೆ ಎಸೆಯುವವರಿದ್ದಾರಲ್ಲ, ಅದು ಚಿಕ್ಕ ನಷ್ಟವಲ್ಲ. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆಯೇ ಹೊರತು ಮಾತ್ರೆಯಿಂದ ಬರುವುದಿಲ್ಲ. ರಕ್ತಹೀನತೆಯಿಂದ ಹೆರಿಗೆಯಲ್ಲಿ ಪ್ರಾಣ ಹೋಗುವುದು ಮಾತ್ರ ಉಂಟು.

ಬಿಳಿಯರ ದೇಶದಲ್ಲಿ ಇದೇ ಕತೆ ತಿರುಗಾಮುರುಗಾ

ಈ ಒಳಮನಸ್ಸಿನ ಆಟ ನಮಗೆ ಮಾತ್ರ ಅಂತ ತಿಳಿಯಬೇಡಿ. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಬಿಳಿ ಚರ್ಮದವರು ರಜೆ ಬಂತೆಂದರೆ ಸಮುದ್ರದಂಡೆಗೆ ಹೋಗಿ ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿನಲ್ಲಿ ಮಲಗುತ್ತಾರೆ. ಏತಕ್ಕೆ? ಸ್ವಲ್ಪ ಕಂದು ಬಣ್ಣ ಬರಲಿ ಎಂದು! ನಮ್ಮ ಹುಡುಗಿಯರು ಯಾವ ಬಣ್ಣ ಬೇಡವೆಂದು ಅಳುತ್ತಾರೋ ಅದನ್ನು ಅವರು ದುಡ್ಡು ಕೊಟ್ಟು ಪಡೆಯುತ್ತಾರೆ.

ಹಿಂದೆ ಅಲ್ಲೂ ಹೀಗಿರಲಿಲ್ಲ. ಗದ್ದೆಯಲ್ಲಿ ದುಡಿಯುವ ಹೆಂಗಸು ಬಿಸಿಲಿಗೆ ಕಂದಾಗಿರುತ್ತಿದ್ದಳು, ಸಿರಿವಂತರ ಮನೆಯವಳು ಕೊಡೆ ಹಿಡಿದು ಬೆಳ್ಳಗಿರುತ್ತಿದ್ದಳು. ಬಿಳಿ ಎಂದರೆ ಸಿರಿತನ. ಆಮೇಲೆ ಕಾರ್ಖಾನೆಗಳು ಬಂದವು. ಬಡವರು ಗದ್ದೆ ಬಿಟ್ಟು ಸೂರಿನಡಿ ಸೇರಿ ಬಿಳಿಚಿಕೊಂಡರು. ಬಿಸಿಲು ಕಾಯಿಸಲು ಪುರಸೊತ್ತು ಇದ್ದದ್ದು ಹಣವಂತರಿಗೆ ಮಾತ್ರ. ಅದೇ ಕಾಲಕ್ಕೆ ಬೆಳಕಿನಿಂದ ರೋಗ ಗುಣವಾಗುತ್ತದೆ ಎಂಬ ಮಾತೂ ಹಬ್ಬಿತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. 1920ರ ದಶಕದ ಹೊತ್ತಿಗೆ ಲೆಕ್ಕವೇ ತಿರುಗಿಬಿತ್ತು. ಕಂದು ಬಣ್ಣ ಎಂದರೆ ಆರೋಗ್ಯ, ಆರಾಮ, ಅಂತಸ್ತು ಎಂದಾಯಿತು. ಅಲ್ಲೂ ಇಲ್ಲೂ ಜನ ಬೆನ್ನಟ್ಟಿದ್ದು ಬಣ್ಣವನ್ನಲ್ಲ, ಬಣ್ಣದ ಹಿಂದಿನ ಅಂತಸ್ತನ್ನು ಎಂದು ನನಗನ್ನಿಸುತ್ತದೆ.

ಬಿಳಿ ಚರ್ಮಕ್ಕೆ ಬಿಸಿಲು ತಡೆಯುವ ಶಕ್ತಿ ಕಡಿಮೆ. ಪರಿಣಾಮ ಚರ್ಮದ ಕ್ಯಾನ್ಸರ್. ಆಸ್ಟ್ರೇಲಿಯದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. 1981ರಲ್ಲಿ ಅಲ್ಲಿನ ಟಿ.ವಿ.ಯಲ್ಲಿ ಕಡಲಹಕ್ಕಿಯ ಕಾರ್ಟೂನೊಂದು ಹಾಡಿ ಕುಣಿದು "ಅಂಗಿ ಹಾಕಿ, ಕ್ರೀಮು ಹಚ್ಚಿ, ಟೊಪ್ಪಿ ಇಡಿ" ಎಂದು ಜನರಿಗೆ ಕಲಿಸತೊಡಗಿತು. ಮೈ ಕಂದಾಗಿಸುವ ದೀಪದ ಪೆಟ್ಟಿಗೆಗಳೂ ಅಲ್ಲಿನ ಪಾರ್ಲರುಗಳಲ್ಲಿದ್ದವು. ಅವು ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2009ರಲ್ಲಿ ಘೋಷಿಸಿತು. ಬ್ರೆಜಿಲ್ ಅದೇ ವರ್ಷ ಅವನ್ನು ನಿಷೇಧಿಸಿತು. ಆಸ್ಟ್ರೇಲಿಯದಲ್ಲಿ 2016ರ ಹೊತ್ತಿಗೆ ಪಾರ್ಲರುಗಳಲ್ಲಿ ಆ ವ್ಯಾಪಾರ ನಿಂತಿತು.

ಇಷ್ಟೆಲ್ಲ ತಿಳಿದ ಮೇಲೂ ಅಲ್ಲಿನ ಜನ ಬಿಸಿಲಿನಲ್ಲಿ ಮಲಗುವುದನ್ನು ಪೂರ್ತಿ ಬಿಟ್ಟಿಲ್ಲ. "ಕ್ಯಾನ್ಸರ್ ಬರುತ್ತದೆ, ಗೊತ್ತು" ಎಂದು ಬಾಯಿ ಹೇಳುತ್ತದೆ. "ಕಂದು ಬಂದರೆ ಚೆನ್ನಾಗಿ ಕಾಣುತ್ತೇನೆ" ಎಂದು ಒಳಮನಸ್ಸು ಹೇಳುತ್ತದೆ. ಕೈಕಾಲು ಕೇಳುವುದು ಹೆಚ್ಚಾಗಿ ಒಳಮನಸ್ಸಿನ ಮಾತನ್ನೇ. ಹಾಗಾಗಿ ಕೆಲವು ಕಡೆ ಬೇರೆ ಉಪಾಯ ಮಾಡಿದರು. ವಿಶೇಷ ಕ್ಯಾಮೆರಾದಿಂದ ಅವರವರ ಮುಖದ ಫೋಟೋ ತೆಗೆದು, ಮೇಲಿನಿಂದ ಕಾಣದ ಬಿಸಿಲಿನ ಕಲೆಗಳನ್ನು ತೋರಿಸಿದರು. ಅದನ್ನು ನೋಡಿದ ಮೇಲೆ ಹಲವರು ಟೊಪ್ಪಿ, ಕ್ರೀಮು ಬಳಸತೊಡಗಿದ್ದು ಕಂಡುಬಂದಿದೆ. ರೋಗದ ಭಯ ಮುಟ್ಟದ ಕಡೆ ಚಂದದ ಭಯ ಮುಟ್ಟಿತು.

ನಮ್ಮ ಚರ್ಮಕ್ಕೆ ಬಿಸಿಲು ಏನು ಮಾಡುತ್ತದೆ?

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ವಸ್ತು ಇದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಅದು ಒಳಗೆ ಬಿಡದೆ ತಡೆಯುತ್ತದೆ. ಬಿಳಿ ಚರ್ಮದ ಮೇಲ್ಪದರವನ್ನು ದಾಟಿ ಚರ್ಮ ಸುಡುವ ಕಿರಣಗಳ ಸುಮಾರು ಕಾಲುಭಾಗ ಒಳಗೆ ಹೋಗುತ್ತದೆ. ಕಡು ಕಪ್ಪು ಚರ್ಮದಲ್ಲಿ ಹತ್ತರಲ್ಲಿ ಒಂದು ಭಾಗವೂ ಹೋಗುವುದಿಲ್ಲ. ನಾವು ಭಾರತೀಯರು ಇವೆರಡರ ನಡುವೆ ಬೇರೆ ಬೇರೆ ಮೆಟ್ಟಿಲುಗಳಲ್ಲಿದ್ದೇವೆ. ಅಂದರೆ ನಾವು ಯಾವುದನ್ನು ಕೊರತೆ ಎಂದುಕೊಂಡಿದ್ದೇವೋ ಅದು ಮೈಯೊಳಗೇ ಇರುವ ಕೊಡೆ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ ಇರುವುದಕ್ಕೆ ಇದೇ ಮುಖ್ಯ ಕಾರಣ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕಪ್ಪು ಚರ್ಮದವರಲ್ಲಿ ಅದು ಬಿಸಿಲು ಬೀಳದ ಜಾಗದಲ್ಲೂ, ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ ಬರಬಹುದು. ಅಂಗಾಲಿನಲ್ಲಿ ಹೊಸದಾಗಿ ಕಪ್ಪು ಮಚ್ಚೆ ಬಂದು ದೊಡ್ಡದಾಗುತ್ತಿದ್ದರೆ, ವಾಸಿಯಾಗದ ಹುಣ್ಣು ಇದ್ದರೆ ಡಾಕ್ಟರಿಗೆ ತೋರಿಸಿ.

ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳು ಕೆಲವರಿರುತ್ತಾರೆ. ಅವರಿಗೆ ಮೆಲನಿನ್ ರಕ್ಷಣೆ ಇಲ್ಲವೇ ಇಲ್ಲ. ತೊನ್ನು ಇರುವವರಿಗೆ ಆ ಬಿಳಿ ಕಲೆಗಳಲ್ಲಿ ರಕ್ಷಣೆ ಇಲ್ಲ. ನಮ್ಮೂರಿನಲ್ಲಿ ಬಿಸಿಲಿನಿಂದ ಚರ್ಮವನ್ನು ನಿಜವಾಗಿ ಕಾಪಾಡಬೇಕಾದದ್ದು ಇವರದ್ದು. ತುಂಬು ತೋಳಿನ ಅಂಗಿ, ಅಗಲ ಟೊಪ್ಪಿ, ಬಿಸಿಲು ತಡೆಯುವ ಕ್ರೀಮು ಇವರಿಗೆ ಅವಶ್ಯ, ಅಲಂಕಾರ ಅಲ್ಲ. ಮುಖದಲ್ಲಿ ಬಂಗು ಇರುವವರಿಗೂ ಬಿಸಿಲು ಬಿದ್ದರೆ ಅದು ಹೆಚ್ಚಾಗುತ್ತದೆ.

ಆದರೆ ಮೆಲನಿನ್ ಎಲ್ಲವನ್ನೂ ತಡೆಯುವುದಿಲ್ಲ. ಕಣ್ಣಿಗೆ ಅದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಕಣ್ಣೊಡ್ಡಿದರೆ ಪೊರೆ ಬರುವ ಸಂಭವ ಹೆಚ್ಚು. ಕಣ್ಣಿನ ಬಿಳಿಯ ಮೇಲೆ ಮಾಂಸ ಬೆಳೆದು ಕರಿಗುಡ್ಡೆಯ ಕಡೆಗೆ ಬರುವುದೂ ಬಿಸಿಲು, ದೂಳಿನಲ್ಲಿ ದುಡಿಯುವವರಲ್ಲೇ ಜಾಸ್ತಿ. ಇನ್ನು ಸೆಕೆ. ಸೆಕೆಗೆ ಕಪ್ಪು ಬಿಳಿ ಎಂಬ ಭೇದವಿಲ್ಲ. ಮೈ ತಂಪಾಗುವುದು ಬೆವರು ಆರಿದಾಗ. ಕರಾವಳಿಯಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಕಲಬುರಗಿ, ರಾಯಚೂರಿನ 42 ಡಿಗ್ರಿಗೆ ಹೆದರುವ ನಾವು ಕರಾವಳಿಯ 36 ಡಿಗ್ರಿಯನ್ನು ಹಗುರವಾಗಿ ಕಾಣುತ್ತೇವೆ. ದೇಹಕ್ಕೆ ಅದೂ ಹಗುರವಲ್ಲ.

ನೆರಳು ಯಾರಿಗೆ ಸಿಗುತ್ತದೆ?

ಈಗ ನಮ್ಮ ಅಭ್ಯಾಸಗಳನ್ನು ನೋಡಿ. ಪೇಟೆಗೆ ಹೋಗುವಾಗ ಕೊಡೆ ಹಿಡಿಯುತ್ತೇವೆ, ಗದ್ದೆಗೆ ಹೋಗುವಾಗ ಬರಿತಲೆ. ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟಿಯಲ್ಲಿ ಹೊರಟ ಹುಡುಗಿ ಕಣ್ಣು ಬಿಟ್ಟು ಮುಖವನ್ನೆಲ್ಲ ದುಪಟ್ಟಾದಿಂದ ಸುತ್ತಿಕೊಳ್ಳುತ್ತಾಳೆ. ಅದೇ ಮನೆಯ ತಾಯಿ ಮಧ್ಯಾಹ್ನ ಒಂದು ಗಂಟೆಗೆ ತಾರಸಿಯ ಮೇಲೆ ಹಪ್ಪಳ ತಿರುವಿ ಹಾಕುತ್ತ ಒಂದು ತುಂಡು ಬಟ್ಟೆಯನ್ನೂ ತಲೆಗೆ ಹಾಕಿರುವುದಿಲ್ಲ. ಯಾಕೆಂದರೆ ಅಲ್ಲಿ ನೋಡುವವರು ಯಾರೂ ಇಲ್ಲ. ಬಿಸಿಲಿಗೆ ಹೆದರಿದ್ದರೆ ತಾರಸಿಯಲ್ಲೇ ಹೆಚ್ಚು ಹೆದರಬೇಕಿತ್ತು. ಹೆದರಿದ್ದು ಜನರ ಕಣ್ಣಿಗೆ.

ಇನ್ನೊಂದು ಮಾತನ್ನು ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಹೇಳಬೇಕು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದು ಒಬ್ಬಳು ಬೆಳ್ಳಗೆ, ಇನ್ನೊಬ್ಬಳು ಕಪ್ಪಗೆ ಇದ್ದರೆ ನೀರು ತರಲು, ಸೌದೆ ತರಲು, ಅಂಗಡಿಗೆ ಓಡಲು ಯಾರನ್ನು ಕಳಿಸುತ್ತೇವೆ? "ನಿಂಗೇನೇ, ಇನ್ನು ಕಪ್ಪಾಗೋಕೆ ಏನು ಉಳಿದಿದೆ?" ಎಂದು ನಗುತ್ತ ಹೇಳುವುದನ್ನು ನೀವೂ ಕೇಳಿರಬಹುದು. ತಮಾಷೆಯ ಮಾತೇ, ಒಪ್ಪೋಣ. ಆದರೆ ಆ ಮಗು ಅದನ್ನು ತಮಾಷೆಯಾಗಿ ಕೇಳಿಸಿಕೊಳ್ಳುವುದಿಲ್ಲ. ಅವಳಿಗೂ ಸೆಕೆಯಾಗುತ್ತದೆ, ತಲೆ ಸಿಡಿಯುತ್ತದೆ. ನೆರಳು ಬಣ್ಣಕ್ಕೆ ಸಿಕ್ಕಿತು, ಮಗುವಿಗೆ ಸಿಗಲಿಲ್ಲ.

ಗಂಡಸರದು ಬೇರೆ ಕತೆ. ಕೊಡೆ ಹಿಡಿದರೆ, ಟೊಪ್ಪಿ ಇಟ್ಟರೆ ಹೆಂಗಸರ ಹಾಗೆ ಎಂಬ ನಾಚಿಕೆ. ಸುಡುವ ಡಾಂಬರಿನ ಮುಂದೆ, ಇಟ್ಟಿಗೆ ಗೂಡಿನ ಮುಂದೆ ಬರಿತಲೆಯಲ್ಲಿ ನಿಂತು ದುಡಿಯುತ್ತಾರೆ. ಬಿಸಿಲಿಗೆ ಕುಸಿದು ಬೀಳುವವರಲ್ಲಿ ಅಂಥವರೂ ಇರುತ್ತಾರೆ. ನಮ್ಮ ಊರುಗಳಿಂದ ಗಲ್ಫಿಗೆ ಹೋದವರಿಗೆ ಗೊತ್ತು: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವೇ ಇದೆ. ಅದನ್ನು ಮಾಡಿದ್ದು ಯಾರ ಬಣ್ಣ ಉಳಿಸಲೂ ಅಲ್ಲ.

ಬಣ್ಣದ ಭಯದಿಂದ ಹುಡುಗಿಯರನ್ನು ಆಟದ ಮೈದಾನದಿಂದ ಒಳಗೆ ಕರೆಯುವುದೂ ನಡೆಯುತ್ತದೆ. ಕಬಡ್ಡಿ, ಖೋ ಖೋ ಆಡುತ್ತಿದ್ದವಳು ಹತ್ತನೇ ತರಗತಿಗೆ ಬಂದಾಗ "ಸಾಕು, ಮದುವೆ ವಯಸ್ಸಿಗೆ ಬರ್ತಾ ಇದ್ದೀಯ, ಕರಿಕಡ್ಡಿ ಆಗ್ಬೇಡ" ಎಂಬ ಮಾತು. ಬಿಸಿಲು ಚರ್ಮಕ್ಕೆ ತಾಗಿದರೆ ದೇಹ ವಿಟಮಿನ್ ಡಿ ತಯಾರಿಸುತ್ತದೆ. ಎಲುಬು ಗಟ್ಟಿಯಾಗಲು ಅದು ಬೇಕು. ಬಿಸಿಲಿಗೆ ಬರವೇ ಇಲ್ಲದ ನಮ್ಮ ದೇಶದಲ್ಲಿ, 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿಗೆ ವಿಟಮಿನ್ ಡಿ ಕೊರತೆ ಇತ್ತು. ಕಪ್ಪು ಚರ್ಮದವರಿಗೆ ಇದನ್ನು ತಯಾರಿಸಲು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಸಿಲು ಬೇಕು. ಹಾಗಾಗಿ ಕಪ್ಪಗಿನ ಹುಡುಗಿಯನ್ನು ಇನ್ನಷ್ಟು ಮುಚ್ಚಿಡುವುದು ಎರಡು ಪಟ್ಟು ತಪ್ಪು ಲೆಕ್ಕ.

ಟ್ಯೂಬಿನೊಳಗೆ ಏನಿದೆ?

ಮುಚ್ಚಿಕೊಂಡರೂ ಸಾಲದು ಎನಿಸಿದಾಗ ಕ್ರೀಮು ಬರುತ್ತದೆ. ಫೇರ್ ಅಂಡ್ ಲವ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿದ್ದ ಹುಡುಗಿ ಬೆಳ್ಳಗಾಗಿ ಕೆಲಸ ಗಿಟ್ಟಿಸುವ, ವರ ಒಪ್ಪುವ ಜಾಹೀರಾತುಗಳನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ಕಪ್ಪು ಬಣ್ಣದವರನ್ನು ಸೋತವರಂತೆ, ಬೇಡವಾದವರಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಸೂಚನೆ ಹೊರಡಿಸಿತು. 2020ರಲ್ಲಿ ಆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ಅಂಗಡಿಗೆ ಹೋದವರು ಈಗಲೂ ಹಳೆಯ ಹೆಸರಲ್ಲೇ ಕೇಳುತ್ತಾರೆ, ಹಳೆಯ ಆಸೆಯಿಂದಲೇ ಕೇಳುತ್ತಾರೆ.

ಆದರೆ ನಿಮ್ಮ ಗಮನಕ್ಕೆ ತರಬೇಕಾದದ್ದು ಇನ್ನೂ ಅಪಾಯದ ಎರಡು ಬಗೆಯ ಕ್ರೀಮುಗಳು.

ಒಂದು, ಸ್ಟೀರಾಯ್ಡ್ ಬೆರೆತದ್ದು. ಇವು ಇಸಬು ಮುಂತಾದ ಚರ್ಮರೋಗಗಳಿಗೆ ಡಾಕ್ಟರು ಕೆಲವೇ ದಿನಕ್ಕೆ ಕೊಡುವ ಔಷಧ. ಹಚ್ಚಿದ ಒಂದೆರಡು ವಾರದಲ್ಲಿ ಮುಖ ಬೆಳ್ಳಗಾದಂತೆ ಕಾಣುತ್ತದೆ. ಅಕ್ಕನಿಂದ ತಂಗಿಗೆ, ತಂಗಿಯಿಂದ ನೆರೆಮನೆಗೆ ಸುದ್ದಿ ಹಬ್ಬುತ್ತದೆ, "ಈ ಟ್ಯೂಬ್ ಹಚ್ಚು, ನಂಗೆ ಚೆನ್ನಾಗಿ ಬಂತು." ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಹಾಳೆಯಂತೆ ತೆಳ್ಳಗಾಗುತ್ತದೆ. ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಬರುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ಬಿಸಿಲಿನ ಕಪ್ಪಿಗೆ ಹೆದರಿ ಹಚ್ಚಿದ ಔಷಧವೇ ಬಿಸಿಲನ್ನು ತಾಳದಂತೆ ಮಾಡುತ್ತದೆ! ಬಿಟ್ಟರೆ ಇನ್ನೂ ಉರಿ, ಅದಕ್ಕೆ ಮತ್ತೆ ಹಚ್ಚುವುದು. ಹೀಗೆ ಬಿಡಲಾಗದ ಚಟವಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಮಾಡಿದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ಒಮ್ಮೆಲೇ ನಿಲ್ಲಿಸದೆ ಚರ್ಮದ ಡಾಕ್ಟರನ್ನು ಕಾಣಿ.

ಎರಡನೆಯದು ಪಾದರಸ ಬೆರೆತದ್ದು. ಪಾದರಸ ಮೆಲನಿನ್ ತಯಾರಾಗುವುದನ್ನೇ ತಡೆಯುತ್ತದೆ. ಅಂದರೆ ಮೈಯೊಳಗಿನ ಕೊಡೆಯನ್ನು ಮಡಚಿಬಿಡುತ್ತದೆ. ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೈ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದ ಹಲವರು ಆಸ್ಪತ್ರೆಗೆ ಬಂದರು. ಡಾಕ್ಟರುಗಳು ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬೆಳ್ಳಗಾಗಿಸುವ ಕ್ರೀಮು. ಹಚ್ಚಿದವರಿಗೆ ಮಾತ್ರವಲ್ಲ, ಅವರ ಕೈ, ಟವೆಲ್ಲು, ದಿಂಬಿನಿಂದ ಮನೆಯ ಮಕ್ಕಳಿಗೂ ಪಾದರಸ ತಾಗಬಹುದು. ಬಸುರಿಯರು ಹಚ್ಚಿದರೆ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಮುಖದ ಬಣ್ಣದ ಕ್ರೀಮಿಗೆ ಪಾದರಸ ಬೆರೆಸುವುದು ನಮ್ಮ ಕಾನೂನಿನಲ್ಲಿ ನಿಷಿದ್ಧ. ಆದರೂ ತಯಾರಕರ ವಿಳಾಸವೇ ಇಲ್ಲದ, ಹೊರದೇಶದಿಂದ ಬಂತೆಂದು ಹೇಳಿ ಮಾರುವ ಡಬ್ಬಿಗಳಲ್ಲಿ ಅದು ಸಿಗುತ್ತಲೇ ಇದೆ. ಒಂದು ಗುರುತು ನೆನಪಿಡಿ: "ಹಚ್ಚುವಾಗ ಚಿನ್ನ, ಬೆಳ್ಳಿಯ ಒಡವೆಗೆ ತಾಗಿಸಬೇಡಿ" ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದರಲ್ಲಿ ಪಾದರಸ ಇರುವ ಸಂಭವ ಹೆಚ್ಚು. ಚಿನ್ನ ಕೆಡುತ್ತದೆಂದು ಎಚ್ಚರಿಸುವ ವಸ್ತುವನ್ನು ನಾವು ಮುಖಕ್ಕೆ ಹಚ್ಚುತ್ತೇವೆ.

ಈ ಬೇಸಿಗೆಗೆ

ಬಿಸಿಲು ಯಾವಾಗ ಜೋರು ಎಂದು ತಿಳಿಯಲು ಗಡಿಯಾರವೂ ಬೇಡ, ಫೋನೂ ಬೇಡ. ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣ ಹೆಚ್ಚಿದೆ, ನೆರಳಿಗೆ ಸರಿಯಿರಿ. ಉದ್ದವಾಗಿದ್ದರೆ ಅಷ್ಟು ಭಯವಿಲ್ಲ. ನಮ್ಮ ನಾಡಿನಲ್ಲಿ ಸೂರ್ಯ ವರ್ಷಕ್ಕೆ ಎರಡು ದಿನ ನೆತ್ತಿಯ ಮೇಲೇ ಬಂದು ನೆರಳನ್ನೇ ಅಳಿಸಿಬಿಡುತ್ತಾನೆ. ಬೆಂಗಳೂರು, ಮಂಗಳೂರಿನ ಕಡೆ ಅದು ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸು. ಈ ಲೆಕ್ಕ ಕಿರಣಕ್ಕೆ ಮಾತ್ರ. ಸೆಕೆ ಇಳಿಯುವುದು ತಡ, ಮಧ್ಯಾಹ್ನ ಮೂರು ನಾಲ್ಕರವರೆಗೂ ಅದು ಏರುತ್ತಲೇ ಇರುತ್ತದೆ.

ಹಪ್ಪಳ, ಸಂಡಿಗೆ, ಒಣಮೀನು ಮಾಡುವ ಸಂಘಗಳು ಹರಡುವ ಕೆಲಸವನ್ನು ಹತ್ತು ಗಂಟೆಯೊಳಗೆ ಮುಗಿಸಿ. ಒಣಗಬೇಕಾದದ್ದು ಹಪ್ಪಳ, ನೀವಲ್ಲ. ಕಾಗೆ ಓಡಿಸಲು ನೆರಳಿನಲ್ಲಿ ಕುಳಿತರೂ ಆಗುತ್ತದೆ. ಗದ್ದೆ, ತೋಟದಲ್ಲಿ ಎರಡು ಕೈಗೂ ಕೆಲಸವಿರುವುದರಿಂದ ಕೊಡೆ ಹಿಡಿಯಲಾಗುವುದಿಲ್ಲ, ಸರಿ. ಅಡಿಕೆ ಹಾಳೆಯ ಟೊಪ್ಪಿ ಇದೆಯಲ್ಲ? ಗಂಡಸರೇ ಇಡಬೇಕೆಂದು ಯಾರೂ ಬರೆದಿಟ್ಟಿಲ್ಲ. ಬಯಲುಸೀಮೆಯವರು ಹಳೆಯ ಹತ್ತಿ ಸೀರೆಯ ತುಂಡನ್ನು ಒದ್ದೆ ಮಾಡಿ ತಲೆಗೂ ಕುತ್ತಿಗೆಗೂ ಸುತ್ತಿಕೊಳ್ಳಬಹುದು. ಅಂಚು ಮುಂದಕ್ಕೆ ಬಂದು ಕಣ್ಣಿಗೆ ನೆರಳು ಬೀಳುವಂತಿರಲಿ. ದುಬಾರಿ ಸನ್‌ಸ್ಕ್ರೀನ್ ಎಲ್ಲರಿಗೂ ಬೇಕಾಗಿಲ್ಲ. ಮೇಲೆ ಹೇಳಿದ ತೊನ್ನು, ಬಂಗು ಇರುವವರು ಡಾಕ್ಟರನ್ನು ಕೇಳಿ ಹಚ್ಚಿಕೊಳ್ಳಲಿ.

ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯಿರಿ. ಬೆವರು ಬಹಳ ಇಳಿದು ಸುಸ್ತಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಕದಡಿ ಆಗಾಗ ಗುಟುಕರಿಸಿ. ಯಾರಾದರೂ ಬಿಸಿಲಿನಲ್ಲಿ ತೊದಲತೊಡಗಿದರೆ, ಏನೇನೋ ಮಾತಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತ. ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮುಂದಿನ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಒಂದು ಕೆಲಸ ಮಾಡಿ. ಹುಡುಗಿಯಾಗಿದ್ದಾಗ ಬಿಸಿಲಿನ ಬಗ್ಗೆ ನಿಮಗೆ ಮನೆಯಲ್ಲಿ ಏನು ಹೇಳಿದ್ದರು, ಈಗ ನೀವು ಮಗಳಿಗೆ ಏನು ಹೇಳುತ್ತೀರಿ, ಮಗನಿಗೆ ಏನು ಹೇಳುತ್ತೀರಿ ಎಂದು ಪ್ರತಿಯೊಬ್ಬರೂ ಹೇಳಲಿ. ಪ್ರೇರಕಿ ಅದನ್ನು ಚಾರ್ಟಿನಲ್ಲಿ ಬರೆಯಲಿ. ಎಷ್ಟು ಸಲ "ಕಪ್ಪು" ಎಂಬ ಪದ ಬಂತು, ಎಷ್ಟು ಸಲ "ಸುಸ್ತು", "ತಲೆನೋವು", "ಕಣ್ಣು" ಬಂತು ಎಂದು ಎಣಿಸಿ. ಮನೆಯಲ್ಲಿರುವ ಮುಖದ ಕ್ರೀಮಿನ ಟ್ಯೂಬು, ಡಬ್ಬಿಗಳನ್ನೂ ಅಂದು ತನ್ನಿ. ಅದರ ಮೇಲಿನ ಸಣ್ಣ ಅಕ್ಷರವನ್ನು ಓದಬಲ್ಲವರು ಎಲ್ಲರಿಗೂ ಓದಿ ಹೇಳಲಿ. ತಿಳಿಯದಿದ್ದರೆ ಆಶಾ ಕಾರ್ಯಕರ್ತೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರಿಗೋ ತೋರಿಸಿ. ಪಾದರಸದ ಸಂಶಯ ಬಂದ ಡಬ್ಬಿಯನ್ನು ಒಲೆಗೆ ಹಾಕಬೇಡಿ, ಕಸದ ಜೊತೆ ಸುಡಬೇಡಿ. ಸುಟ್ಟರೆ ಪಾದರಸ ಹೊಗೆಯಾಗಿ ಉಸಿರಿಗೆ ಸೇರುತ್ತದೆ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಅದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಆರೋಗ್ಯ ಕೇಂದ್ರದಲ್ಲೇ ಕೇಳಿ.